ಕೈಬಿಟ್ಟ ಸಾಕ್ಷಿ

ಸರ್ಕಾರಿ ವಕೀಲರೆಂದರೆ ನಮ್ಮ ಪರ ವಕೀಲರು ಎಂದೇ ನಾನು ನಂಬಿದ್ದೆ. ಎಂಥ ಪೆದ್ದು ನಂಬಿಕೆ! ತೊಂಬತ್ತರ ದಶಕದಲ್ಲಿ, ಭದ್ರಾವತಿಯ ಜನ್ನಾಪುರದಿಂದ ಬಸ್ಸು ಹಿಡಿದು ಶಿವಮೊಗ್ಗದ ಕೋರ್ಟಿಗೆ ಅಲೆಯುತ್ತಿದ್ದ ಅಮ್ಮ ಮತ್ತು ನನಗೆ ಇದ್ದ ಧೈರ್ಯ ಅದೊಂದೇ.

ಅದೇ ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಗಲ್ಲಿಗೆ ಕೊಟ್ಟಿದ್ದ ನನ್ನ ಅಕ್ಕ ಗಂಡನ ಮನೆಯ ಬಾವಿಯಲ್ಲಿ ಸತ್ತಿದ್ದಳು. ನೀರು ಸೇದುವಾಗ ಕಾಲು ಜಾರಿತು ಎಂದರು ಅವರು. ಆದರೆ ಗೌರಿ ಹಬ್ಬಕ್ಕೆ ಬಂದವಳನ್ನು ಬಸ್ಸು ಹತ್ತಿಸುವಾಗ ಅವಳು ನನ್ನ ಕೈ ಹಿಡಿದು ಹೇಳಿದ್ದಳು: "ನಿನ್ ಭಾವ ಬಾವಿ ಕಟ್ಟೆ ಹತ್ರ ನಿಲ್ಲಿಸಿ, ನೀನಾಗೇ ಬೀಳ್ತೀಯೋ ನಾನೇ ತಳ್ಳಲೋ ಅಂದ್ರು ಕಣೇ. ಅಮ್ಮಂಗೆ ಹೇಳ್ಬೇಡ." ಪೊಲೀಸರಿಗೆ ಹೇಳಿದ್ದೆ. ಇನ್ನು ಜಡ್ಜ್ ಮುಂದೆ ಹೇಳುವುದೊಂದೇ ಬಾಕಿ.

ಮೊದಲು ಅಮ್ಮನ ಸರದಿ. ಸಾಕ್ಷಿಯಾದ್ದರಿಂದ ನಾನು ಹೊರಗಿರಬೇಕಿತ್ತು, ಆದರೆ ಕಿಟಕಿಯಿಂದ ಎಲ್ಲ ಕೇಳಿಸುತ್ತಿತ್ತು. ಭಾವನ ವಕೀಲ ಪಕ್ಕದ ಮನೆಯವನ ಹಾಗೆ ಮೆತ್ತಗೆ ಕೇಳಿದ.

"ತಾಯಿ, ಮಗಳು ಹೇಗಿದ್ದಾಳೆ ಅಂತ ಜನ ಕೇಳಿದ್ರೆ ಏನಂತಿದ್ರಿ?"

"ಚೆನ್ನಾಗಿದ್ದಾಳೆ ಅಂತಿದ್ದೆ, ಸ್ವಾಮಿ."

"ಅಳಿಯಂದಿರು?"

"ದೇವರಂಥೋರು ಅಂತಿದ್ದೆ."

ಕೊಟ್ಟ ಮಗಳ ಬಗ್ಗೆ ಬೇರೆ ಏನು ಹೇಳುತ್ತಾಳೆ ತಾಯಿ? ಬೆನ್ನ ಮೇಲಿನ ಬಾಸುಂಡೆಗೆ ಎಣ್ಣೆ ಹಚ್ಚಿದವಳೂ ಅವಳೇ, ಹಾಲಿನವನ ಮುಂದೆ ಚೆನ್ನಾಗಿದ್ದಾಳೆ ಎಂದವಳೂ ಅವಳೇ. ಸರ್ಕಾರಿ ವಕೀಲರು ಎದ್ದು, ಹಾಗೇಕೆ ಹೇಳುತ್ತಿದ್ದಿರಿ ಎಂದು ಒಂದೇ ಒಂದು ಮಾತು ಕೇಳಬಹುದಿತ್ತು. ಅವರು ಏಳಲಿಲ್ಲ.

ಹೊರಗೆ ಬಂದು ನನಗೆ ಹೇಳಿದರು, "ನಿಮ್ಮನ್ನ ಕೈಬಿಡ್ತಿದೀನಮ್ಮ. ನಿಮ್ಮ ಸಾಕ್ಷಿ ಬೇಡ."

"ಯಾಕೆ ಸಾರ್? ಅಕ್ಕ ಹೇಳಿದ್ದು ನಂಗೊಬ್ಬಳಿಗೇ!"

"ನಿಮ್ಮಮ್ಮನೇ ಕೇಸು ಕೆಡಿಸಿದ್ರು. ನೀವೂ ಹೋಗಿ ಇನ್ನೇನೋ ಅಂದ್ರೆ?"

"ನನ್ನ ನಾಲಿಗೆ ನೆಟ್ಟಗಿದೆ ಸಾರ್, ಕೇಳಿ ನೋಡಿ."

"ಯಾರನ್ನ ಕರೀಬೇಕು ಅನ್ನೋದು ನಾನು ನೋಡ್ಕೋತೀನಿ. ನಾನು ಸರ್ಕಾರದ ವಕೀಲ, ನಿಮ್ಮ ವಕೀಲ ಅಲ್ಲ."

ಕೆಟ್ಟ ಮನುಷ್ಯರೇನಲ್ಲ ಅವರು. ಅಮ್ಮನಿಗೆ ಕೂರಲು ಬೆಂಚು ಬಿಡಿಸಿಕೊಟ್ಟವರು. ಅದೇ ನನಗೆ ಇನ್ನೂ ಸಿಟ್ಟು ತರಿಸುವುದು.

ಮುಂದಿನ ತಾರೀಖಿಗೂ ಹೋದೆ. ಇನ್ನೂ ಸಾಕ್ಷಿಗಳಿದ್ದಾರೆಯೇ ಎಂದು ಜಡ್ಜ್ ಕೇಳಿದಾಗ, ಇಲ್ಲ ಎಂದರು ಸರ್ಕಾರಿ ವಕೀಲರು. ನಾನು ಹಿಂದಿನಿಂದ ಎದ್ದುನಿಂತು "ನಾನಿದೀನಿ ಸ್ವಾಮಿ" ಎಂದೆ. ಯಾರಿವರು ಎಂದು ಜಡ್ಜ್ ಸರ್ಕಾರಿ ವಕೀಲರನ್ನೇ ಕೇಳಿದರು.

"ಕೈಬಿಟ್ಟ ಸಾಕ್ಷಿ, ಸ್ವಾಮಿ."

ದಫೇದಾರ ನನ್ನನ್ನು ಕೂರಿಸಿದ. ಟೈಪು ಮುಂದುವರಿಯಿತು.

ಭಾವ ಬಿಡುಗಡೆಯಾದ. ತೀರ್ಪಿನ ದಿನ ವರಾಂಡದಲ್ಲಿ ಎದುರಾಗಿ, ವಕೀಲರು ಪೊಲೀಸರು ಎಲ್ಲರೂ ನೋಡುತ್ತಿರುವಂತೆಯೇ ಬಗ್ಗಿ ಅಮ್ಮನ ಕಾಲು ಮುಟ್ಟಿದ. "ಇದ್ದದ್ದು ಇದ್ದ ಹಾಗೆ ಹೇಳಿದ್ರಿ ಅತ್ತೆ," ಎಂದ. ಅಮ್ಮನ ಬಲಗೈ ಮೇಲೆದ್ದು ಅವನ ತಲೆಯ ಮೇಲೆ ಬರುತ್ತಿತ್ತು. ನಾನು ಅದನ್ನು ರಪ್ಪನೆ ಹಿಡಿದು ಎಳೆದೆ. ಬಳೆ ಒಡೆಯಿತು.

ಬಸ್ಸಿನಲ್ಲಿ ಭದ್ರಾವತಿ ಬರುವವರೆಗೂ ಅಮ್ಮ ಆ ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡೇ ಕೂತಿದ್ದಳು. "ಕಾಲಿಗೆ ಬಿದ್ರೆ ಕೈ ತಾನಾಗೇ ಏಳುತ್ತೆ ಕಣೇ," ಎಂದಳು, "ನಾನೇನ್ ಮಾಡ್ಲಿ."