ಗಿರಿಜಾ ಟೀಚರ ನಾಲ್ಕನೇ ಬಾಟಲಿ

ವಿಶಾಖಪಟ್ಟಣದ ಗಾಜುವಾಕದ ಬಸ್ಸಿನಲ್ಲಿ ಗಿರಿಜಾ ಟೀಚರನ್ನು ಗುರುತಿಸುವುದು ಬಹಳ ಸುಲಭವಾಗಿತ್ತು. ಉಳಿದವರ ಚೀಲದಲ್ಲಿ ಬೆಂಡೆಕಾಯಿ ಇದ್ದರೆ ಇವರ ಚೀಲದಲ್ಲಿ ಕೊಳಚೆ ನೀರಿನ ಬಾಟಲಿಗಳು ಟಣಟಣ ಅನ್ನುತ್ತಿದ್ದವು. ಪಕ್ಕದವರು ಮೂಗು ಮುಚ್ಚಿಕೊಂಡು ಬೈದರೆ, "ಸ್ವಲ್ಪ ಸರ್ಕೊಳಿ, ಚೆಲ್ಲಿದ್ರೆ ನಿಮ್ಗೇ ಕಷ್ಟ" ಅಂತ ಇನ್ನಷ್ಟು ಅಗಲವಾಗಿ ಕೂರುತ್ತಿದ್ದರು.

ಟೀಚರ ಊರು ನಾಗಮಂಗಲದ ಹತ್ತಿರ. ಗಂಡ ಚಿಕ್ಕಣ್ಣ ನೌಕಾಪಡೆಯಲ್ಲಿದ್ದ. ವರ್ಗವಾದಲ್ಲೆಲ್ಲ ಟ್ರಂಕು ಹೊತ್ತು ಹೋಗಿ ಹನ್ನೊಂದು ವರ್ಷದಲ್ಲಿ ನಾಲ್ಕು ಶಾಲೆ ಕಂಡರೂ ಟೀಚರು ಎಲ್ಲಿಯೂ ಖಾಯಂ ಆಗಿರಲಿಲ್ಲ. ಬಾಣಂತನಕ್ಕೆ ಹೋದ ಯಾರದೋ ಜಾಗದಲ್ಲಿ ಪಾಠ ಮಾಡುವುದು, ಅವರು ಬಂದ ದಿನ ಚಾಕ್‌ಪೀಸ್ ಒಪ್ಪಿಸಿ ಹೊರಡುವುದು. ಚಿಕ್ಕಣ್ಣನ ಸರ್ವೀಸು ಮುಗಿಯುವತನಕ ವಿಶಾಖಪಟ್ಟಣವೇ ಅಂತ ಆದಾಗ ಟೀಚರಿಗೆ ಒಂದೇ ಆಸೆ. ತನ್ನ ಹೆಸರಿನಲ್ಲಿ ಒಂದು ಖಾಯಂ ಆರ್ಡರು. ೧೯೮೯ರ ಫೆಬ್ರವರಿಯಲ್ಲಿ ಆ ಆರ್ಡರು ಟೈಪಾಗಿ, ಸಹಿಯೊಂದನ್ನು ಬಿಟ್ಟು ತಯಾರಾಗಿತ್ತು.

ಸಹಿ ಹಾಕಬೇಕಾದವಳು ಟೀಚರು ಆಗ ಪಾಠ ಮಾಡುತ್ತಿದ್ದ ಗಾಜುವಾಕದ ಶಾಲೆಯ ಒಡತಿ ಕೋಟೇಶ್ವರಮ್ಮ. ಹುಟ್ಟಿದ್ದು ವಿಜಯವಾಡ, ಬೆಳೆದದ್ದು ಬಳ್ಳಾರಿಯ ಸೋದರಮಾವನ ಮನೆ. ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರ ಅವಳದೇ ಇನ್ನೊಂದು ಶಾಲೆ ಇತ್ತು. ಗಂಜಿ ಹಾಕಿ, ನೀಲಿ ಅದ್ದಿ, ಕಣ್ಣು ಕುಕ್ಕುವ ಬಿಳೀ ಸೀರೆ. ಸೊಂಟದಲ್ಲಿ ಬೀಗದ ಕೈ ಗೊಂಚಲು. ಮೆಚ್ಚುಗೆಯನ್ನು ತೆಲುಗಿನಲ್ಲಿ ಎಲ್ಲರ ಮುಂದೆ ಹೇಳುವಳು, ಬೈಗುಳವನ್ನು ಮಾತ್ರ ಬೇರೆಯವರಿಗೆ ತಿಳಿಯಬಾರದೆಂದು ಕನ್ನಡದಲ್ಲಿ. ಹಾಗಾಗಿ ಗಿರಿಜಾ ಟೀಚರಿಗೆ ಆ ಶಾಲೆಯಲ್ಲಿ ಕನ್ನಡಕ್ಕೇನೂ ಬರ ಇರಲಿಲ್ಲ.

ಶಾಲೆಯ ಹಿಂದೆ ಒಂದು ಗೆಡ್ಡ ಇತ್ತು. ಬೆಟ್ಟದಿಂದ ಇಳಿದು ಬರುವ ತೊರೆಗೆ ಅಲ್ಲಿನವರು ಹಾಗನ್ನುತ್ತಾರೆ. ಶಾಲೆ ಮುಟ್ಟುವಷ್ಟರಲ್ಲಿ ಊರ ಕೊಳಚೆಯೆಲ್ಲ ಅದಕ್ಕೆ ಸೇರಿರುತ್ತಿತ್ತು. ಪುಸ್ತಕದಲ್ಲಿರುವ ಆಮ್ಲಜನಕವನ್ನು ಬಾಯಿಪಾಠ ಮಾಡಿಸಿ ಸಾಕಾಗಿ ಟೀಚರು ಎಂಟನೇ ಕ್ಲಾಸನ್ನು ಸೀದಾ ಗೆಡ್ಡಕ್ಕೆ ಇಳಿಸಿದರು. ಬಾಟಲಿಗೆ ಬಾಯಿತನಕ ನೀರು ತುಂಬಿ, ನೀಲಿ ಔಷಧಿ ಹತ್ತು ಹನಿ ಬಿಟ್ಟು, ಬಿರಡೆ ಹಾಕಿ ಕತ್ತಲೆಯಲ್ಲಿಡಬೇಕು. ನೀರಿನ ಹೊಲಸು ಒಳಗಿನ ಆಮ್ಲಜನಕವನ್ನೆಲ್ಲ ತಿಂದು ಮುಗಿಸಿದರೆ ಬಣ್ಣ ಮಾಯವಾಗುತ್ತದೆ. ಹೊಲಸು ಹೆಚ್ಚಿದಷ್ಟೂ ಬೇಗ ಮಾಯ. ಮಕ್ಕಳು ಮೂರು ಕಡೆಯ ಗೆಡ್ಡದ ನೀರು ತಂದರು. ಹೋಲಿಸಿ ನೋಡಲು ಒಂದು ಒಳ್ಳೆಯ ನೀರೂ ಇರಲಿ ಅಂತ ಹೈಮಾವತಿ ಎಂಬ ಹುಡುಗಿ ನಾಲ್ಕನೆಯದನ್ನು ಶಾಲೆಯ ಬಾವಿಯಿಂದ ತುಂಬಿದಳು.

ಬೆಟ್ಟದ ಬುಡದ ನೀರು ಹತ್ತು ದಿನವಾದರೂ ನೀಲಿಯಾಗಿತ್ತು. ಬಾವಿಯ ಬಾಟಲಿ ಮೂರನೇ ದಿನಕ್ಕೇ ಬೆಳ್ಳಗಾಯಿತು.

ಎರಡನೇ ಸಲ ಮಾಡಿದಾಗಲೂ ಅಷ್ಟೇ. ಹೈಮಾವತಿ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಳು, ನೋಟ್‌ಬುಕ್ಕನ್ನು ಅವರಪ್ಪ ಓದಿದ, ಅವರಪ್ಪ ಬಂದು ಬಾವಿಯ ಸುದ್ದಿ ಕೇಳಿದ. ಅವತ್ತು ಮಧ್ಯಾಹ್ನವೇ ಟೀಚರಿಗೆ ಕರೆ ಬಂತು.

"ಗೆಡ್ಡಕ್ಕ ಹೋಗು ಅಂದಿದ್ದೆ. ನಮ್ಮ ಬಾವಿಗೆ ಇಳಿ ಅಂದವರು ಯಾರಮ್ಮ?" ಎಂದಳು ಕೋಟೇಶ್ವರಮ್ಮ.

"ಯಾರೂ ಇಳೀಲಿಲ್ಲಮ್ಮ. ನೀರು ಸೇದಿದ್ವಿ. ಗೆಡ್ಡ ಹತ್ತೇ ಹೆಜ್ಜೆ ದೂರ, ಬಾವಿಗೆ ಜಿನುಗ್ತಿದೆ. ಮಕ್ಕಳು ಅದನ್ನೇ ಕುಡೀತಾರೆ."

"ಕುಡದು ಯಾರ್ ಸತ್ತಾರ? ಜೂನ್‌ನಾಗ ಹಾಸ್ಟೆಲ್ ತೆಗೀತೀನಿ, ಮುಂದಿನ ಶನಿವಾರ ಇನ್ಸ್‌ಪೆಕ್ಟರ್ ಬರ್ತಾನ. ನೀನು ಊರ ಮುಂದ ಬಾಟ್ಲಿ ಕುಣಸ್ತೀ. ಗಂಡನ ಹಿಂದ ಟ್ರಂಕು ಹೊತ್ಕೊಂಡು ತಿರಗಾಕಿಗೆ ನಮ್ಮೂರ ನೀರಿನ ಚಿಂತಿ ಯಾಕ?"

ಹಾಗೆನ್ನುತ್ತಾ ಕೋಟೇಶ್ವರಮ್ಮ ಮನೆಯಿಂದ ತಂದ ಸ್ಟೀಲ್ ಕೂಜದ ನೀರನ್ನು ಗಟಗಟ ಕುಡಿದಳು. ಟೀಚರು ಕೂಜವನ್ನೇ ನೋಡಿದರು. ಅವರು ನೋಡಿದ್ದನ್ನು ಕೋಟೇಶ್ವರಮ್ಮನೂ ನೋಡಿದಳು. ಅಲ್ಲಿಗೆ ಇಬ್ಬರ ನಡುವೆ ಉಳಿದಿದ್ದ ಮರ್ಯಾದೆಯೂ ಮುಗಿಯಿತು.

ಕೊನೆಗೆ ಅವಳೇ ಒಂದು ಏರ್ಪಾಡು ಮಾಡಿದಳು. ಸೋಮವಾರ ಎಲ್ಲರ ಮುಂದೆ ಬಾವಿ ನೀರು ತುಂಬಿ ಔಷಧಿ ಹಾಕುವುದು. ಬಾಟಲಿ ಅವಳ ಬೀರುವಿನಲ್ಲಿ ಬೀಗದೊಳಗೆ ಇರುವುದು. ಶನಿವಾರ ಇನ್ಸ್‌ಪೆಕ್ಟರ ಮುಂದೆ ತೆಗೆಯುವುದು. ನೀಲಿ ಹಾಗೇ ಇದ್ದರೆ 'ಬಾವಿಯ ನೀರು ಶುದ್ಧ' ಎಂದು ಟೀಚರು ಬರೆದು ಸಹಿ ಹಾಕಬೇಕು, ಆಗ ಆರ್ಡರಿಗೆ ಅವಳ ಸಹಿ.

"ನೀಲಿ ಹೋಗಿದ್ರೆ?" ಎಂದರು ಟೀಚರು.

"ಹೋಗಂಗಿಲ್ಲ," ಎಂದಳು ಕೋಟೇಶ್ವರಮ್ಮ.

ಶನಿವಾರ ಬೆಳಿಗ್ಗೆ ಚಿಕ್ಕಣ್ಣ ಷೂ ಪಾಲಿಷ್ ಮಾಡುತ್ತಾ, "ಸುಮ್ಕೆ ಸೈನ್ ಹಾಕ್ಬುಟ್ಟು ಬಾ ಕಣೆ. ನಮ್ ಹಡಗಲ್ಲಿ ಸಾಹೇಬ್ರು ಸಮುದ್ರ ಕೆಂಪಗದೆ ಅಂದ್ರೆ ನಾವೂ ಕೆಂಪಗದೆ ಅಂತೀವಿ" ಎಂದ.

"ನಿಮ್ ಹಡಗಲ್ಲಿ ಆ ಸಮುದ್ರ ಕುಡಿಯಾಕೆ ಯಾರ್ಗೂ ಕೊಡಲ್ಲ," ಎಂದರು ಟೀಚರು. ಹಾಗಂದರೂ ಅವತ್ತು ಅವರು ಉಟ್ಟಿದ್ದು ಮದುವೆಮನೆಗೆ ಉಡುವ ಸೀರೆ. ಆರ್ಡರು ಕೈಗೆ ಬರುತ್ತದೆಂಬ ಆಸೆ ಸತ್ತಿರಲಿಲ್ಲ.

ಇನ್ಸ್‌ಪೆಕ್ಟರು ಬಂದು ಕುಳಿತರು. ಕೋಟೇಶ್ವರಮ್ಮ ಬೀರು ತೆಗೆದು, ಬಾಟಲಿಯನ್ನು ಚೆನ್ನಾಗಿ ಕುಲುಕುತ್ತಾ ತಂದು ಮೇಜಿನ ಮೇಲಿಟ್ಟಳು. ಬಾಟಲಿ ನೀಲಿಯಾಗಿತ್ತು. ಬಣ್ಣ ಬಳಿದಂಥ ನೀಲಿ. ಹಿಂದೆ ನಿಂತ ಟೀಚರುಗಳು ಒಬ್ಬರನ್ನೊಬ್ಬರು ತಿವಿದು ನಕ್ಕರು. ಗಿರಿಜಾ ಟೀಚರು ಬಾಟಲಿಯನ್ನೇ ನೋಡಿದರು. ಹಾಗಾದರೆ ಎರಡು ಸಲ ತಾನೇ ತಪ್ಪು ಮಾಡಿದೆನೇ?

"ಬರಿಯಮ್ಮ," ಎಂದು ಕೋಟೇಶ್ವರಮ್ಮ ಕಾಗದ ಸರಿಸಿದಳು. ಅಷ್ಟರಲ್ಲಿ ಇನ್ಸ್‌ಪೆಕ್ಟರು ಮೊದಲು ಹಾಸ್ಟೆಲ್ ಕೋಣೆಗಳನ್ನು ನೋಡೋಣ ಎಂದು ಎದ್ದರು. ಕೋಣೆ ನೋಡಿ, ಹಾರ ಹಾಕಿಸಿಕೊಂಡು, ಪುಲಿಹೋರ ಪೆಸರಟ್ಟು ಮುಗಿಸಿ ವಾಪಸು ಬರುವುದಕ್ಕೆ ಎರಡು ಗಂಟೆಯಾಯಿತು. ಬಾಟಲಿ ಮಾತ್ರ ಅಲುಗದೆ ಅಲ್ಲೇ ಇತ್ತು.

ಹೈಮಾವತಿ ಬಾಗಿಲ ಸಂದಿಯಿಂದ, "ಟೀಚರ್, ನೀಲಿ ಕೆಳಗೆ ಕೂತ್ಕೊಂಡಿದೆ ನೋಡಿ," ಎಂದಳು.

ನಿಜ. ಮೇಲಿನ ಅರ್ಧ ತಿಳಿಯಾಗಿತ್ತು. ತಳದಲ್ಲಿ ಬೆರಳು ದಪ್ಪ ನೀಲಿ ಪುಡಿ ಕೂತಿತ್ತು. ಟೀಚರ ಔಷಧಿ ನೀರಿನಲ್ಲಿ ಕರಗುವಂಥದು, ಎಂದೂ ತಳ ಸೇರುವುದಿಲ್ಲ. ತಳ ಸೇರುವುದು ಬಟ್ಟೆಗೆ ಹಾಕುವ ನೀಲಿ. ಔಷಧಿ ಸೀಸೆ ಟೀಚರ ಚೀಲದಲ್ಲೇ ಇದ್ದುದರಿಂದ ಬಣ್ಣ ಹೋದ ಬಾಟಲಿಗೆ ಯಾರೋ ಕೈಗೆ ಸಿಕ್ಕಿದ್ದನ್ನು ಹಾಕಿದ್ದರು. ಟೀಚರು ತಲೆಯೆತ್ತಿದರು. ಕಾಫಿ ತಟ್ಟೆ ಹಿಡಿದು ನಿಂತಿದ್ದ ಆಯಾ ಗಂಗಾಭವಾನಿಯ ಉಗುರು ಸಂದಿಯೂ ನೀಲಿಯಾಗಿತ್ತು. ಒಡತಿಯ ಸೀರೆ ಒಗೆಯುತ್ತಿದ್ದವಳು ಅವಳೇ.

ಟೀಚರು ಪೆನ್ನು ತೆಗೆದುಕೊಂಡು, 'ಬಾಟಲಿಯಲ್ಲಿರುವುದು ಬಟ್ಟೆಯ ನೀಲಿ. ಬಾವಿಯ ನೀರು ಕುಡಿಯಲು ಯೋಗ್ಯವಲ್ಲ' ಎಂದು ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿದರು. ಇನ್ಸ್‌ಪೆಕ್ಟರು ಓದಿ, ಬಾಟಲಿಯನ್ನು ಬೆಳಕಿಗೆ ಹಿಡಿದರು.

ಕೋಟೇಶ್ವರಮ್ಮನ ಮುಖ ಕಪ್ಪಿಟ್ಟಿತು. ಸರಕ್ಕನೆ ಗಂಗಾಭವಾನಿಯ ಕಡೆ ತಿರುಗಿ, ಇದು ನಿನ್ನ ಕೆಲಸವಾ ಎನ್ನುವಂತೆ, "ಏಮೇ, ನುವ್ವೇನಾ?" ಎಂದಳು.

"ಆಯಮ್ಮನ್ನ ಯಾಕೆ ಕೇಳ್ತೀರಿ? ಬೀಗದ ಕೈ ಯಾರ ಸೊಂಟದಲ್ಲಿದೆ ಅಂತ ಕೇಳಿ," ಎಂದರು ಟೀಚರು. ಅದನ್ನು ಬೇಕೆಂದೇ ತೆಲುಗಿನಲ್ಲಿ ಹೇಳಿದರು, ಒಡಕು ತೆಲುಗು, ಆದರೆ ಎಲ್ಲರಿಗೂ ತಿಳಿಯಿತು.

ಲ್ಯಾಬಿನ ವರದಿ ಬರುವತನಕ ಹಾಸ್ಟೆಲ್ ಬೇಡವೆಂದು ಇನ್ಸ್‌ಪೆಕ್ಟರು ಬರೆದು ಹೋದರು. ಕೋಟೇಶ್ವರಮ್ಮ ಆರ್ಡರನ್ನು ನಾಲ್ಕಾಗಿ ಮಡಚಿ, ಟೀಚರ ಕಣ್ಣೆದುರೇ ಬೀರುವಿನಲ್ಲಿಟ್ಟು ಬೀಗ ಹಾಕಿದಳು. "ಗಾಜುವಾಕದಾಗ ಯಾವ ಶಾಲಿ ನಿನ್ನ ತಗೋತದ ನಾನೂ ನೋಡ್ತೀನಿ. ಚಾಕ್‌ಪೀಸ್ ಇಟ್ಟು ನಡಿ."

ಟೀಚರು ಚಾಕ್‌ಪೀಸ್ ಇಟ್ಟರು. ಐದನೇ ಸಲ.

ಎಂಟು ದಿನದ ಮೇಲೆ ಗಂಗಾಭವಾನಿ ಮನೆ ಬಾಗಿಲಿಗೆ ಬಂದಳು. ಕೆಲಸ ಅವಳದೂ ಹೋಗಿತ್ತು. ಒಳಗೆ ಕರೆದರೆ ಬರಲಿಲ್ಲ.

"ನನ್ನ ಪರ ಮಾತಾಡು ಅಂತ ನಿನ್ನ ಯಾರಮ್ಮ ಕೇಳಿದ್ರು? ನೀನು ಸುಮ್ನಿದ್ದಿದ್ರೆ ನಾನು ಅಮ್ಮನ ಕಾಲು ಹಿಡಿದು ಉಳ್ಕೋತಿದ್ದೆ. ನಿಂಗೆ ಗಂಡನ ಸಂಬಳ ಇದೆ."

ಟೀಚರು ಹೊಸ್ತಿಲ ಬಳಿ ಮಣೆ ಹಾಕಿ, "ಕೂತ್ಕೊ, ಕಾಫಿ ಮಾಡ್ತೀನಿ," ಎಂದರು.

"ನಿನ್ನ ಕಾಫಿಗೆ ಬಂದಿಲ್ಲ." ಗಂಗಾಭವಾನಿ ಸೆರಗಿನಡಿಯಿಂದ ನೀರು ತುಂಬಿದ ಬಾಟಲಿ ತೆಗೆದು ಹೊಸ್ತಿಲ ಮೇಲೆ ಕುಕ್ಕಿದಳು. "ನಮ್ಮ ಬೀದಿ ಬಾವೀದು. ಅದೂ ಗೆಡ್ಡದ ಪಕ್ಕದಲ್ಲೇ ಇದೆ. ಹಾಕು ನಿನ್ನ ಔಷಧಿ."

ಟೀಚರು ಸೀಸೆ ತಂದು ಹೊಸ್ತಿಲಲ್ಲೇ ಕೂತು ಹನಿ ಬಿಡತೊಡಗಿದರು. ಗಂಗಾಭವಾನಿ ಬಗ್ಗಿ, ಒಂದೊಂದನ್ನೂ ಗಟ್ಟಿಯಾಗಿ ಎಣಿಸಿದಳು. ಎಂಟಕ್ಕೆ ಟೀಚರ ಕೈ ಒಂದು ಗಳಿಗೆ ನಿಂತಿತು.

"ಇನ್ನೂ ಎರಡು," ಎಂದು ಗದರಿಸಿದಳು. "ನಂಗೂ ಗೊತ್ತು."