ತಿಲಕ್ ನಗರದಲ್ಲಿ ಬಿದ್ದ ಕೊಂಬೆ

ಬನಶಂಕರಿಗೆ ಹೊರಟಿದ್ದ ನನ್ನ ಆಟೊ ತಿಲಕ್ ನಗರದ ಮಸೀದಿಯೊಂದರ ಎದುರು ನಿಂತುಬಿಟ್ಟಿತು. ಗಾಳಿಗೆ ಮುರಿದ ಗುಲ್‌ಮೊಹರ್ ಕೊಂಬೆ ರಸ್ತೆಗೆ ಅಡ್ಡ ಬಿದ್ದಿತ್ತು. ಎಲ್ಲರೂ ಹಾರ್ನ್ ಹೊಡೆಯುತ್ತಿದ್ದರು, ಯಾರೂ ಇಳಿಯಲಿಲ್ಲ. ನಾನೂ ಗೊಣಗುತ್ತ ಕೂತಿದ್ದೆ. ಅಷ್ಟರಲ್ಲಿ ಸಂಜೆಯ ನಮಾಜ್ ಮುಗಿಸಿದವರು ಹೊರಬಂದರು. ಕೊಂಬೆ ಕಂಡದ್ದೇ ತಡ, ಹಬ್ಬದೂಟಕ್ಕೆ ಕರೆದಂತೆ ಓಡಿ ಬಂದು ಕೈಹಾಕಿದರು. ಹಿಂದೆ ಉಳಿದಿದ್ದ, ಊರುಗೋಲಿನ ಮುದುಕರೊಬ್ಬರು ಕೂಗಿದರು: "ಏಯ್, ಎಲ್ಲಾ ನೀವೇ ಎತ್ತಬೇಡ್ರೋ! ನಂಗೂ ಜಾಗ ಬಿಡಿ!"

ನಾನು ನಕ್ಕೆ. ಡ್ರೈವರ್ ಬಶೀರ್ ನಗಲಿಲ್ಲ. "ದಾರೀಲಿ ಬಿದ್ದಿರೋ ಮುಳ್ಳು ತೆಗೆದ್ರೂ ಅಲ್ಲಾ ಪಾಪ ಮಾಫ್ ಮಾಡ್ತಾನೆ ಸಾರ್. ಇಷ್ಟು ದೊಡ್ಡ ಕೊಂಬೆ ದಿನಾ ಸಿಗುತ್ತಾ?" ಎಂದವರೇ ಇಳಿದು ಓಡಿದರು. ಒಬ್ಬನೇ ಕೂರಲು ನಾಚಿಕೆಯಾಗಿ ನಾನೂ ಹೋಗಿ ಒಂದು ರೆಂಬೆ ಹಿಡಿದೆ.

"ಯಾ ಅಲ್ಲಾ!" ಎಂಬ ಒಂದೇ ಕೂಗಿಗೆ ಕೊಂಬೆ ಪಕ್ಕಕ್ಕೆ ಸರಿಯಿತು. ಹಿಂದೆ ಸಿಕ್ಕಿಕೊಂಡಿದ್ದ ಬಸ್ಸಿನೊಳಗಿಂದ ಚಪ್ಪಾಳೆ, ಶಿಳ್ಳೆ. ಮುದುಕರ ಕೈಗೆ ಮಾತ್ರ ಬರೀ ಎಲೆ ಸಿಕ್ಕಿತ್ತು. ಆದರೆ ನಡುರಸ್ತೆಯಲ್ಲಿ ಕೊಂಬೆಯದೊಂದು ತುಂಡು ಉಳಿದಿತ್ತು. ಆ ಮುದುಕರು ಎರಡೂ ಕಡೆಯ ವಾಹನಗಳನ್ನು ತಡೆದು, ಅದರತ್ತ ಊರುಗೋಲು ಚಾಚಿ, ಕೋಟೆ ಗೆದ್ದವರಂತೆ ಸಾರಿದರು:

"ಇದು ನಂದು. ಯಾರೂ ಮುಟ್ಟಬೇಡಿ!"