ಹದಿನೇಳನೇ ಬಿಲ್ಲೆ

ಅವರ ಬಲಗೈ ಹೆಬ್ಬೆರಳ ತುದಿ ಚಪ್ಪಟೆಯಾಗಿತ್ತು, ಉಗುರೇ ಇರಲಿಲ್ಲ. ಯಾವುದೋ ಕಾಲದಲ್ಲಿ ವಿಮಾನದ ಬಾಗಿಲೊಂದು ಜಜ್ಜಿತ್ತಂತೆ. ಆ ಬೆರಳನ್ನು ರೆಕ್ಕೆಯ ತಗಡಿನ ಮೇಲೆ ನಿಧಾನವಾಗಿ ಎಳೆಯುತ್ತಾ ಹೋಗುವರು. ಎಲ್ಲೋ ಒಂದು ಕಡೆ ಬೆರಳು ನಿಲ್ಲುವುದು. ಆಗ ಜೇಬಿನಿಂದ ಉದ್ದ ಹಿಡಿಯ ಪುಟ್ಟ ಕನ್ನಡಿಯೊಂದನ್ನು ತೆಗೆದು ಸಂದಿಯೊಳಗೆ ತೂರಿಸಿ, ಒಂದು ಕಣ್ಣು ಮುಚ್ಚಿ ನೋಡುವರು. ಹಲ್ಲಿನ ಡಾಕ್ಟರ ಹತ್ತಿರ ಇರುತ್ತದಲ್ಲ, ಅಂಥದೇ ಕನ್ನಡಿ, ಸ್ವಲ್ಪ ದೊಡ್ಡದು. "ಕಣ್ಣು ಹೋಗದ ಕಡೆ ಕೈ ಹೋಗ್ಬೇಕು, ಕೈ ಹೋಗದ ಕಡೆ ಕನ್ನಡಿ ಹೋಗ್ಬೇಕು" ಅನ್ನುವರು.

ನಮ್ಮ ವಿಮಾನ ಕಂಪನಿಯ ಚೀಫ್ ಇಂಜಿನಿಯರ್ ಅವರು. ಹಾಗೆ ಕರೆದರೆ ಮಾತ್ರ ಒಪ್ಪುತ್ತಿರಲಿಲ್ಲ. "ಇಂಜಿನಿಯರ್ ಎಂತದು ಮಾರಾಯ್ರೆ, ನಾನು ಫುಂಡಿ" ಎನ್ನುವರು. ಕೈಕೆಲಸ ಬಲ್ಲವನಿಗೆ ಸ್ವಾಹಿಲಿಯಲ್ಲಿ ಫುಂಡಿ ಎನ್ನುತ್ತಾರೆ. ಬಾಗಿಲು ಮಾಡುವವನೂ ಫುಂಡಿ, ನಲ್ಲಿ ರಿಪೇರಿಯವನೂ ಫುಂಡಿ. ಉಡುಪಿ ಕಡೆಯವರು, ಮನೆಯಲ್ಲಿ ಹೆಂಡತಿಯೊಡನೆ ತುಳು, ವಿಮಾನ ನಿಲ್ಲಿಸುವ ಹ್ಯಾಂಗರಿನಲ್ಲಿ ಸ್ವಾಹಿಲಿ, ನನ್ನೊಬ್ಬಳ ಜೊತೆ ಕನ್ನಡ. ಆಫ್ರಿಕಾದಲ್ಲೇ ದುಡಿದು ತಲೆ ಹಣ್ಣಾಗಿತ್ತು.

ನಾನು ಮೈಸೂರಿನವಳು. ಗಂಡನ ಬ್ಯಾಂಕ್ ಕೆಲಸದ ಹಿಂದೆ ನೈರೋಬಿಗೆ ಬಂದು, ಕಿಲಿಮಾನಿ ಬಡಾವಣೆಯ ಫ್ಲ್ಯಾಟಿನಲ್ಲಿ ಎರಡು ವರ್ಷ ಗೋಡೆ ನೋಡಿ ಸಾಕಾಗಿ, ಈ ಹೊಸ ಕಂಪನಿಯಲ್ಲಿ ವೇಳಾಪಟ್ಟಿ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದೆ. ಮೂವತ್ತಾರನೇ ವಯಸ್ಸಿಗೆ ಮತ್ತೆ ಸಿಕ್ಕ ಸಂಬಳದ ಕೆಲಸ. ಅದನ್ನು ಎಷ್ಟು ಭದ್ರವಾಗಿ ಹಿಡಿದುಕೊಂಡಿದ್ದೆ ಎಂದರೆ, ಮಗಳು ನಗುತ್ತಿದ್ದಳು. ಕಂಪನಿಯ ಬಳಿ ಇದ್ದ ಪಂಖದ ವಿಮಾನಗಳು ಎರಡೇ. ಮಧ್ಯ ಆಫ್ರಿಕಾದ ಒಳನಾಡಿನ ಊರುಗಳಿಗೆ, ದೊಡ್ಡ ಕಂಪನಿಗಳು ಹೋಗದ ಕಡೆ ಹೋಗುತ್ತೇವೆಂಬುದು ಕಂಪನಿಯ ಯಜಮಾನರ ಕನಸು. ಅವರು ಇಲ್ಲಿಯವರೇ, ಮಾತಿನಲ್ಲಿ ಮಂಟಪ ಕಟ್ಟುವ ಮನುಷ್ಯ. ಆದರೆ ಒಂದೊಂದು ದೇಶಕ್ಕೆ ಒಂದೊಂದು ಅನುಮತಿ ಪತ್ರ, ಬಿಡಿಭಾಗ ಬಂದರೆ ತಿಂಗಳುಗಟ್ಟಲೆ ಕಸ್ಟಮ್ಸ್ ಗೋದಾಮಿನಲ್ಲಿ, ಪೈಲಟ್ ಪಳಗಿದ ಕೂಡಲೇ ದೊಡ್ಡ ಕಂಪನಿಗೆ. ಟಿಕೆಟ್ ಕೇಳಲು ಬಂದವರು "ಮುಂದಿನ ವಾರ ನೀವು ಇರ್ತೀರಾ?" ಎಂದು ಮುಖಕ್ಕೇ ಕೇಳುವರು. ಇಷ್ಟರ ಮೇಲೆ ಯಜಮಾನರು ಗಗನಸಖಿಯರಿಗೆ ರೇಷ್ಮೆ ಸ್ಕಾರ್ಫ್ ಹೊಲಿಸಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಹ್ಯಾಂಗರಿನ ಗೋಡೆಗೆ ಫುಂಡಿ ಒಂದು ಹಲಗೆ ಹೊಡೆಸಿದ್ದರು. ಒಂದೊಂದು ಉಪಕರಣಕ್ಕೆ ಒಂದೊಂದು ಮೊಳೆ, ಅದರ ಹಿಂದೆ ಕಪ್ಪು ಬಣ್ಣದಲ್ಲಿ ಅದರದೇ ಆಕಾರ. ಪ್ರತಿ ಮೆಕ್ಯಾನಿಕನಿಗೂ ನಂಬರು ಕೆತ್ತಿದ ಹಿತ್ತಾಳೆ ಬಿಲ್ಲೆಗಳು. ಸ್ಪ್ಯಾನರ್ ತೆಗೆದುಕೊಂಡರೆ ಆ ಮೊಳೆಗೆ ಬಿಲ್ಲೆ ಹಾಕಬೇಕು, ವಸ್ತು ನನ್ನ ಹತ್ತಿರ ಇದೆ ಎಂದು. ಸಂಜೆ ಎಣಿಕೆ. ಹಿರಿಯ ಮೆಕ್ಯಾನಿಕ್ ಒಂದೊಂದೇ ಹೆಸರು ಕೂಗುವನು, ಉಳಿದವರು "ಇಕೋ" ಎನ್ನುವರು. ಇದೆ ಎಂದು ಅರ್ಥ. ಫುಂಡಿಯವರ ಕನ್ನಡಿಗೆ ಮೊದಲ ಮೊಳೆ. ಸ್ವಂತದ್ದಾದರೂ ಅದೂ ಎಣಿಕೆಗೆ ಸೇರಬೇಕು. ಒಂದು ಕಡಿಮೆಯಾದರೂ ಅವರು ವಿಮಾನ ಬಿಡುವ ಕಾಗದಕ್ಕೆ ಸಹಿ ಹಾಕುತ್ತಿರಲಿಲ್ಲ. ಇಂಜಿನ್ನಿನೊಳಗೆ ಮರೆತು ಉಳಿದ ಒಂದು ಸಣ್ಣ ಸ್ಪ್ಯಾನರ್ ಇಡೀ ವಿಮಾನವನ್ನು ಕೆಡವಬಲ್ಲದು ಎಂಬುದು ನನಗೂ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆನಲ್ಲ, ಅದೇ ಕಥೆ.

ಕಾಂಗೋದ ಒಳಗೆ, ದೊಡ್ಡ ನದಿಯ ದಡದ ಊರೊಂದಕ್ಕೆ ನಮ್ಮ ಮೊದಲ ಹಾರಾಟ ಗೊತ್ತಾಯಿತು. ನೋಡಿದರೆ ವಿಜಯದಶಮಿಯ ದಿನ! ನಾನೇ ಹಾಕಿದ ವೇಳಾಪಟ್ಟಿ. ಕಾಕತಾಳೀಯ ಎಂದರೆ ನೀವು ನಂಬಬೇಕಾಗಿಲ್ಲ. ಆ ದಿನ ಮಧ್ಯಾಹ್ನದೊಳಗೆ ಮಾತ್ರ ಅಲ್ಲಿ ಇಳಿಯಲು ಅನುಮತಿ. ಹಿಂದಿನ ದಿನ ಆಯುಧಪೂಜೆ. ವಿಮಾನದ ಗಾಲಿಗೆ ನಿಂಬೆಹಣ್ಣಿಟ್ಟು, ಪಂಖಕ್ಕೆ ಕುಂಕುಮ ಹಚ್ಚೋಣವೇ ಎಂದು ಫುಂಡಿಯವರನ್ನು ಕೇಳಿದೆ.

"ಬೇಡ ಮಾರಾಯ್ರೆ. ನಿಮಗೆ ಅದು ಕುಂಕುಮ, ಇಂಜಿನ್ನಿಗೆ ಧೂಳು."

"ಸರ್, ಒಂದು ಚೂರು. ಹೊಸ ದಾರಿ ಅಲ್ವಾ?"

"ನಾನು ದಿನಾ ಎಣಿಸ್ತೇನಲ್ಲ, ಅದೇ ಪೂಜೆ" ಎಂದು ನಡೆದೇಬಿಟ್ಟರು.

ನನಗೆ ಸಿಟ್ಟು ಬಂತು. ಇಷ್ಟು ದೊಡ್ಡ ಕೆಲಸಕ್ಕೆ ದೇವರ ಮುಂದೆ ಒಂದು ಹೂವೂ ಇಲ್ಲವೇ? ಸಂಜೆ ಹೊರಡುವಾಗ ಮೆಕ್ಯಾನಿಕ್‌ಗಳು ಇನ್ನೂ ಇಂಜಿನ್ನಿನ ಕೆಲಸದಲ್ಲಿದ್ದರು. ಹಲಗೆಯಿಂದ ಅತಿ ಸಣ್ಣ ಸ್ಪ್ಯಾನರೊಂದನ್ನು ತೆಗೆದು ಕೈಚೀಲಕ್ಕೆ ಹಾಕಿಕೊಂಡೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ತಂದಿಟ್ಟರಾಯಿತು ಎಂದು ಲೆಕ್ಕ. ಎಣಿಕೆ ನಾನು ಹೋದ ಮೇಲೆ ನಡೆಯುತ್ತದೆ ಎಂಬುದು ಆ ಗಳಿಗೆಯಲ್ಲಿ ನೆನಪಾಗಲೇ ಇಲ್ಲ. ಮನೆಯಲ್ಲಿ ಕಾರಿನ ಕೀಲಿ, ಲ್ಯಾಪ್‌ಟಾಪು, ಈಳಿಗೆಮಣೆಯ ಪಕ್ಕ ಅದನ್ನೂ ಇಟ್ಟು ಕುಂಕುಮ ಹಚ್ಚಿ ಕೈಮುಗಿದೆ. ಬೆಳಿಗ್ಗೆ ಅವಸರ. ಕೋಸಂಬರಿಯ ಡಬ್ಬಿ ನೆನಪಿತ್ತು, ಸ್ಪ್ಯಾನರ್ ಮರೆತುಹೋಗಿತ್ತು.

ಹ್ಯಾಂಗರಿಗೆ ಕಾಲಿಟ್ಟರೆ ವಿಮಾನದ ಎರಡೂ ಇಂಜಿನ್ನಿನ ಮುಚ್ಚಳಗಳು ನೆಲದ ಮೇಲಿವೆ. ಫುಂಡಿ ಏಣಿಯ ಮೇಲೆ, ಕನ್ನಡಿ ಒಳಗೆ. ಹಲಗೆಯ ಮೇಲೆ ಒಂದು ಕಪ್ಪು ಆಕಾರ ಬರಿದಾಗಿದೆ, ಅಲ್ಲಿ ಬಿಲ್ಲೆಯೂ ಇಲ್ಲ. ಕೈಚೀಲ ತಡಕಿದೆ, ಸ್ಪ್ಯಾನರ್ ಮನೆಯಲ್ಲೇ ಉಳಿದಿತ್ತು.

ಯಜಮಾನರು ಕೂಗಾಡುತ್ತಿದ್ದರು. "ಒಂದು ಸ್ಪ್ಯಾನರಿಗಾಗಿ ನನ್ನ ದಾರಿ ಹೋಗುತ್ತಿದೆ! ಕಳೆದವನು ಯಾರೋ, ಇವತ್ತೇ ಮನೆಗೆ ಹೋಗಲಿ!" ಎಲ್ಲರೂ ನೋಡಿದ್ದು ಹಿರಿಯ ಮೆಕ್ಯಾನಿಕ್‌ನ ಕಡೆ, ಸಂಜೆ ಆ ಇಂಜಿನ್ನಿನಲ್ಲಿ ಕೈಯಿಟ್ಟಿದ್ದವನು ಅವನು. "ನಾನು ಅದನ್ನು ಮುಟ್ಟಿಲ್ಲ" ಎಂದು ಅವನು ಹೇಳುತ್ತಲೇ ಇದ್ದ. ಹಿಂದೊಮ್ಮೆ ತನ್ನ ಮೂರು ಮಕ್ಕಳ ಫೋಟೋ ನನಗೆ ತೋರಿಸಿದ್ದ.

ನಾನು ಹೇಳಲಿಲ್ಲ. ಕಾಫಿ ಯಂತ್ರದ ಪಕ್ಕ ಗೋಡೆಗೊರಗಿ ನಿಂತೆ. ಹತ್ತು ನಿಮಿಷವೋ, ಇಪ್ಪತ್ತೋ. ಈ ಕೆಲಸ ಹೋದರೆ ಮತ್ತೆ ಆ ಫ್ಲ್ಯಾಟು, ಆ ಗೋಡೆ. ಹೇಳದಿದ್ದರೆ ಯಾರಿಗೂ ಗೊತ್ತಾಗದು. ಆ ಇಪ್ಪತ್ತು ನಿಮಿಷಕ್ಕೆ ಈಗಲೂ ನಾಚಿಕೊಳ್ಳುತ್ತೇನೆ. ಆಮೇಲೆ ಆ ಮೆಕ್ಯಾನಿಕ್ ತನ್ನ ಜೇಬುಗಳನ್ನು ತಾನೇ ಹೊರಗೆಳೆದು ಎಲ್ಲರಿಗೂ ತೋರಿಸತೊಡಗಿದ. ನನ್ನಿಂದ ನೋಡಲಾಗಲಿಲ್ಲ. ಏಣಿಯ ಬುಡಕ್ಕೆ ಹೋದೆ.

"ಸರ್, ಅದು ನನ್ನ ಹತ್ರ ಇದೆ. ಮನೇಲಿ. ದೇವರ ಮುಂದೆ."

ಅವರು ಇಳಿದು ಬಂದರು. ಬೈಯುತ್ತಾರೆಂದು ಕಾದೆ.

"ತರಿಸಿ."

"ಇಂಜಿನ್ನಲ್ಲಿ ಇಲ್ಲ ಅಂತ ಗೊತ್ತಾಯ್ತಲ್ಲ ಸರ್, ಈಗ ಸಹಿ ಹಾಕಿದ್ರೆ ವಿಮಾನ..."

"ನೀವು ಹೇಳಿದ್ದು ನಂಬ್ತೇನೆ. ಆದ್ರೆ ಕಣ್ಣಲ್ಲಿ ನೋಡದೆ ಸಹಿ ಇಲ್ಲ. ತರಿಸಿ."

ಗಂಡನಿಗೆ ಫೋನ್ ಮಾಡಿದೆ. "ರೀ, ದೇವರ ಮುಂದಿರೋ ಸ್ಪ್ಯಾನರ್ ತಗೊಂಡು ಈಗ್ಲೇ ಬನ್ನಿ."

"ಪುನಃಪೂಜೆ ಆಗಿಲ್ವಲ್ಲೇ, ಎತ್ತಬಹುದಾ?" ಎಂದರು ಆ ಪುಣ್ಯಾತ್ಮ.

ಬೋಡಾಬೋಡಾ ಎಂಬ ಬಾಡಿಗೆ ಬೈಕಿನ ಹಿಂದೆ ಕೂತು, ನೈರೋಬಿಯ ಬೆಳಗಿನ ಟ್ರಾಫಿಕ್ಕಿನಲ್ಲಿ ಮಟಾಟು ವ್ಯಾನುಗಳ ನಡುವೆ ನುಸುಳಿ ಅವರು ಬರುವಷ್ಟರಲ್ಲಿ ಹೊತ್ತಾಗಿತ್ತು. ಸ್ಪ್ಯಾನರಿನ ಮೇಲೆ ಕುಂಕುಮ, ಒಂದು ಸೇವಂತಿಗೆ ಎಸಳು. ಫುಂಡಿ ಅದನ್ನು ಬಟ್ಟೆಯಿಂದ ಒರೆಸಿ, ನಂಬರು ಓದಿ, ಮೊಳೆಗೆ ತಗುಲಿಸಿದರು. "ಇಕೋ" ಎಂದರು. ಆದರೆ ಬಿಚ್ಚಿದ ಇಂಜಿನ್ನುಗಳನ್ನು ಮುಚ್ಚಿ ಪರೀಕ್ಷಿಸುವಷ್ಟರಲ್ಲಿ ಅನುಮತಿಯ ಹೊತ್ತು ಮೀರಿತು. ಸ್ಕಾರ್ಫ್ ತೊಟ್ಟ ಹುಡುಗಿಯರು ಪ್ರಯಾಣಿಕರ ಕ್ಷಮೆ ಕೇಳಿದರು. ನೀವು ಕೇಳಬಹುದು: ಬಿಚ್ಚಿದ ಇಂಜಿನ್ನಿನಲ್ಲಿ ಯಾವುದಾದರೂ ಬಿರುಕು ಸಿಕ್ಕಿ ಎಲ್ಲರ ಪ್ರಾಣ ಉಳಿಯಿತೇ ಎಂದು. ಇಲ್ಲ. ಏನೂ ಸಿಗಲಿಲ್ಲ. ನನ್ನಿಂದ ಬರೀ ನಷ್ಟವಾಯಿತು.

ಯಜಮಾನರ ಕೋಣೆಗೆ ನಾನು ಹೋದಾಗ ಫುಂಡಿಯೂ ಹಿಂದೆಯೇ ಬಂದರು, ಕರೆಯದೆ. ಸ್ವಾಹಿಲಿಯಲ್ಲಿ ಅವರಾಡಿದ ಮಾತು ನನಗೆ ಅಕ್ಷರಶಃ ನೆನಪಿದೆ: "ಇವರನ್ನು ಕಳಿಸಿದರೆ ನಾಳೆ ತಪ್ಪು ಮಾಡಿದವನು ಬಾಯಿ ಬಿಡುವುದಿಲ್ಲ. ಬಾಯಿ ಬಿಡದವನು ಕೆಲಸ ಮಾಡಿದ ವಿಮಾನದಲ್ಲಿ ನಿಮ್ಮ ಮಕ್ಕಳನ್ನು ಕೂರಿಸುತ್ತೀರಾ?" ಯಜಮಾನರು ಕಿಟಕಿಯಾಚೆ ನೋಡಿದರು. ಅತ್ತಲೇ ನೋಡುತ್ತಾ, "ಹೋಗಿ ಕೆಲಸ ನೋಡಿ" ಎಂದರು. ಆ ಊರಿನ ಅನುಮತಿ ಮತ್ತೆ ಪಡೆಯಲು ಆರು ವಾರ ಪತ್ರ ಬರೆದವಳು ನಾನೇ.

ಹಿರಿಯ ಮೆಕ್ಯಾನಿಕ್‌ನ ಕ್ಷಮೆ ಕೇಳಿದೆ. ಅವನು ನಾನು ತಂದಿದ್ದ ಕೋಸಂಬರಿ ತಿಂದು "ಅಸಾಂಟೆ", ಅಂದರೆ ಥ್ಯಾಂಕ್ಸ್, ಎಂದ, ಅಷ್ಟೇ. ಮಾತು ಮೊದಲಿನಂತಾಗಲು ತಿಂಗಳು ಹಿಡಿಯಿತು. ಫುಂಡಿ ಮಾತ್ರ ಮರುದಿನವೇ ನನ್ನ ಮೇಜಿನ ಮೇಲೆ ಒಂದು ಹಿತ್ತಾಳೆ ಬಿಲ್ಲೆ ಇಟ್ಟರು. ಹದಿನೇಳು ಎಂದು ಕೆತ್ತಿತ್ತು.

"ನಾನು ಆಫೀಸಿನವಳು ಸರ್, ನಂಗ್ಯಾಕೆ?"

"ಹಲಗೆಗೆ ಕೈ ಹಾಕುವವರಿಗೆಲ್ಲ ಬಿಲ್ಲೆ ಬೇಕು. ನಿಮಗೆ ಕೊಡದ್ದು ನನ್ನ ತಪ್ಪು. ಎಣಿಕೆ ಪುಸ್ತಕದಲ್ಲಿ ಹಾಗೆಯೇ ಬರ್ದಿದ್ದೇನೆ."

ಹೋಗಿ ನೋಡಿದೆ. ಹಾಗೆಯೇ ಬರೆದಿದ್ದರು. ತಪ್ಪು ಯಾರದೆಂಬ ಅಂಕಣದಲ್ಲಿ ಮೊದಲು ಅವರ ಹೆಸರು, ಆಮೇಲೆ ನನ್ನದು. ಹ್ಯಾಂಗರಿನ ಮೂಲೆಯಲ್ಲಿ ನಿಂತು ಅತ್ತುಬಿಟ್ಟೆ.

ಈಗ ನಮ್ಮ ಬಳಿ ನಾಲ್ಕು ವಿಮಾನಗಳಿವೆ. ಮುಂದಿನ ವಾರ ಇರುತ್ತೀರಾ ಎಂದು ಈಗ ಯಾರೂ ಕೇಳುವುದಿಲ್ಲ. ಫುಂಡಿ ಇಲ್ಲ. ಈ ವರ್ಷದ ಆರಂಭದಲ್ಲಿ, ಒಂದು ಭಾನುವಾರ ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಸ್ಮಶಾನಕ್ಕೆ ಮೆಕ್ಯಾನಿಕ್‌ಗಳೆಲ್ಲ ಕೆಲಸದ ಬಟ್ಟೆಯಲ್ಲೇ ಬಂದಿದ್ದರು, ಒಗೆದು ಇಸ್ತ್ರಿ ಮಾಡಿದ್ದು. ತಿಂಗಳ ನಂತರ ಅವರ ಹೆಂಡತಿ ಹ್ಯಾಂಗರಿಗೆ ಬಂದು, ಮೊದಲ ಮೊಳೆಯಿಂದ ಆ ಕನ್ನಡಿಯನ್ನು ತಾವೇ ತೆಗೆದು ನನ್ನ ಕೈಯಲ್ಲಿಟ್ಟರು. "ನಿಮಗೇ ಕೊಡ್ಲಿಕ್ಕೆ ಮೊದಲೇ ಹೇಳಿದ್ರು. ಇವಳನ್ನು ಕೇಳಿದ್ರೆ ನಿಜ ಹೇಳ್ತಾಳೆ ಅಂತಿದ್ರು" ಎಂದರು. ಆ ಇಪ್ಪತ್ತು ನಿಮಿಷದ ವಿಷಯ ಫುಂಡಿಯವರಿಗೆ ನಾನು ಯಾವತ್ತೂ ಹೇಳಿರಲಿಲ್ಲ. ಗೊತ್ತಿತ್ತೋ ಏನೋ. ಏಣಿಯ ಮೇಲಿಂದ ಎಲ್ಲವೂ ಕಾಣುತ್ತದೆ.

ಕನ್ನಡಿಯನ್ನು ಮತ್ತೆ ಅದೇ ಮೊಳೆಗೆ ಹಾಕಿದ್ದೆ. ಈ ಸಲದ ನವಮಿಗೆ ಅದನ್ನು ಮನೆಗೆ ತಂದು, ಹಿಡಿಗೆ ಮಾತ್ರ ಕುಂಕುಮ ಹಚ್ಚಿ, ದೇವರ ಮುಂದಿಟ್ಟೆ. ಅದೇ ಸಂಜೆ ಹ್ಯಾಂಗರಿನಲ್ಲಿ ಎಣಿಕೆ ನಡೆದಾಗ ಹಿರಿಯ ಮೆಕ್ಯಾನಿಕ್ ನನಗೆ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಹಲಗೆಯ ಪಕ್ಕ ಹಿಡಿದ. ಮೊದಲ ಮೊಳೆಯಲ್ಲಿ ನನ್ನ ಬಿಲ್ಲೆ ತೂಗುತ್ತಿತ್ತು.

"ಕನ್ನಡಿ, ಹದಿನೇಳು" ಎಂದು ಕೂಗಿದ.

"ಇಕೋ" ಎಂದೆ.